ಗ್ಯಾಸ್ ಕೊನೆಗೆ ನೋಡೋಣ: ತಿತಿಮತಿಯ ವರ್ಕ್‌ಶಾಪಿನಿಂದ ಕಾರಿನ ಎಸಿ ಪಾಠಗಳು

ಮೈಸೂರಿನ ಕಡೆ ಕಾರಿನ ಎಸಿ ರಿಪೇರಿಗೆ ಸೀಸನ್ ಅಂದರೆ ಮಾರ್ಚ್, ಏಪ್ರಿಲ್. ನಮ್ಮ ಕೊಡಗಿನ ತಿತಿಮತಿಯಲ್ಲಿ ಅದು ಜೂನ್ ಮಳೆಗೆ ಶುರುವಾಗಿ, ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಜೋರಾಗಿ, ಸೆಪ್ಟೆಂಬರಿನ ಕೈಲ್ ಮುಹೂರ್ತದ ಹೊತ್ತಿಗೆ ಇಳಿಯುತ್ತದೆ. ಬರುವ ದೂರುಗಳೂ ಬೇರೆ. ‘ತಣ್ಣಗಾಗ್ತಿಲ್ಲ’ ಅನ್ನುವವರು ಕಡಿಮೆ. ಗಾಜಿಗೆ ಮಂಜು ಕಟ್ಟಿ ರಸ್ತೆ ಕಾಣುತ್ತಿಲ್ಲ ಅಂತ ಒಬ್ಬರು, ಗಾಡಿಯೊಳಗೆ ಮುಗ್ಗಲು ವಾಸನೆ ಅಂತ ಇನ್ನೊಬ್ಬರು, ಎಡಗಡೆ ಸೀಟಿನ ಕಾಲಡಿಯಲ್ಲಿ ನೀರು ಅಂತ ಮತ್ತೊಬ್ಬರು. ದೂರು ಯಾವುದೇ ಇರಲಿ, ಪರಿಹಾರವನ್ನು ಅವರೇ ಹೇಳಿಬಿಡುತ್ತಾರೆ: “ಒಂಚೂರು ಗ್ಯಾಸ್ ಹಾಕ್ಬಿಡಿ ಅಣ್ಣ.”

ಎಸಿ ಯಂತ್ರ ಹುಟ್ಟಿದ್ದೇ ತಂಪಿಗಾಗಿ ಅಂತ ಎಲ್ಲರ ಲೆಕ್ಕ. ಆದರೆ ಅದು ಹುಟ್ಟಿದ್ದು ಗಾಳಿ ಒಣಗಿಸಲು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಅತ್ತಿತ್ತ ಸರಿಯುತ್ತಿತ್ತು. ಅದನ್ನು ಸರಿಮಾಡಲು ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾಯಿಸಿ ಅದರೊಳಗಿನ ನೀರನ್ನು ಇಳಿಸುವ ವ್ಯವಸ್ಥೆ ಮಾಡಿದ. ಇಂದಿನ ಎಸಿಗೆ ಮೂಲ ಅದೇ. ಕೊಡಗಿನ ಮಳೆಗಾಲದಲ್ಲಿ ಕಾರಿನ ಎಸಿ ಮಾಡಬೇಕಾದ ಕೆಲಸವೂ ಅದೇ, ಗಾಳಿ ಒಣಗಿಸುವುದು. ಹಾಗಾಗಿ ನಮ್ಮಲ್ಲಿ ಕೆಟ್ಟ ಎಸಿಯನ್ನು ನೋಡುವ ಕ್ರಮವೂ ಬೇರೆ ಇರಬೇಕು. ಮೊದಲು ಗಾಳಿ, ಆಮೇಲೆ ನೀರು, ಆಮೇಲೆ ವೈರು, ಗ್ಯಾಸ್ ಎಲ್ಲಕ್ಕಿಂತ ಕೊನೆಗೆ. ಈ ಕಸುಬಿಗೆ ಹೊಸದಾಗಿ ಬರುವ ಹುಡುಗರಿಗೂ ಗಾಡಿ ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆದಿದ್ದೇನೆ.

1. ಬಾನೆಟ್ ಎತ್ತುವ ಮೊದಲು ‘ಯಾವಾಗ’ ಅಂತ ಕೇಳಿ

ಬಾಳೆಲೆ ಕಡೆಯ ಹಿರಿಯರೊಬ್ಬರು ಒಮ್ಮೆ ಗಾಡಿ ತಂದು ನಿಲ್ಲಿಸಿದರು.

“ನೋಡಪ್ಪ, ಹೋದ ತಿಂಗಳಷ್ಟೇ ಗ್ಯಾಸ್ ತುಂಬ್ಸಿದ್ದು. ಮತ್ತೆ ಖಾಲಿ.”

“ಅಂಕಲ್, ಮೈಸೂರಿಂದ ಬರುವಾಗ ಹುಣಸೂರು ತನಕ ತಣ್ಣಗಿತ್ತಾ?”

“ಪಂಚವಳ್ಳಿ ತನಕ ಚೆನ್ನಾಗೇ ಇತ್ತು. ಆನೆಚೌಕೂರು ಗೇಟ್ ಹತ್ರ ಬರುವಾಗ ಗಾಳಿನೇ ನಿಂತೋಯ್ತು. ಫ್ಯಾನ್ ಸದ್ದು ಮಾತ್ರ ಬರ್ತದೆ.”

“ಮನೆಗೆ ಹೋಗಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ?”

“ಆಗ ಸರಿ ಇತ್ತಲ್ಲ! ಅದೇ ನಂಗೂ ಆಶ್ಚರ್ಯ.”

ಇಷ್ಟರಲ್ಲಿ ಕಾಯಿಲೆ ಗೊತ್ತಾಯಿತು. ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿತ್ತು. ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ, ಅದರ ಮೇಲೆ ಇಳಿದ ನೀರು ಹರಿದು ಹೋಗದೆ ರೆಕ್ಕೆಗಳ ನಡುವೆ ಹೆಪ್ಪುಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಗಾಡಿ ನಿಂತಾಗ ಐಸ್ ಕರಗುತ್ತದೆ, ಎಲ್ಲ ಸರಿಹೋದಂತೆ ಕಾಣುತ್ತದೆ. ಹೀಗಾಗದಂತೆ ಕಂಪ್ರೆಸರನ್ನು ಸಮಯಕ್ಕೆ ನಿಲ್ಲಿಸಲು ಕಾಯಿಲ್‌ಗೆ ಚುಚ್ಚಿರುವ ಒಂದು ಪುಟ್ಟ ಥರ್ಮಿಸ್ಟರ್ ಇದೆ. ಅದು ಕೆಟ್ಟಿರಬಹುದು. ಇಲ್ಲವೇ ಹಿಂದೆ ಕಾಯಿಲ್ ತೊಳೆದವರು ಅದನ್ನು ವಾಪಸ್ ಸರಿಯಾಗಿ ಚುಚ್ಚದೆ ಬಿಟ್ಟಿರಬಹುದು. ತೆಗೆದು ಐಸ್ ನೀರಲ್ಲಿ ಅದ್ದಿ ಮಲ್ಟಿಮೀಟರ್‌ನಲ್ಲಿ ಓಮ್ಸ್ ನೋಡಿ. ತಣ್ಣಗಾದಂತೆ ಓಮ್ಸ್ ಏರಬೇಕು, ಏರದಿದ್ದರೆ ಬದಲಿಸಿ. ಫಿಲ್ಟರ್ ಕಟ್ಟಿಕೊಂಡಿದ್ದರೂ, ಗ್ಯಾಸ್ ಸ್ವಲ್ಪ ಕಮ್ಮಿಯಿದ್ದರೂ ಐಸ್ ಕಟ್ಟುವುದುಂಟು. ಅದಕ್ಕೇ ಮಾತಿನಲ್ಲಿ ಕಾಯಿಲೆ ಸಿಕ್ಕಿತು ಅಂತ ಪರೀಕ್ಷೆ ಬಿಡಬಾರದು.

ಹೀಗೇ, ನಿಂತಲ್ಲಿ ಬಿಸಿ, ಓಡುವಾಗ ತಂಪು ಅಂದರೆ ರೇಡಿಯೇಟರ್ ಫ್ಯಾನ್ ಕಡೆ ಹೋಗಿ. ಒಳಗಿನ ಬ್ಲೋವರ್ ಫ್ಯಾನಿನ ನಾಲ್ಕನೇ ಸ್ಪೀಡಲ್ಲಿ ಮಾತ್ರ ಗಾಳಿ ಅಂದರೆ ರೆಸಿಸ್ಟರ್. ಬೆಳಿಗ್ಗೆ ಸರಿ, ಮಧ್ಯಾಹ್ನ ಕಂಪ್ರೆಸರ್ ಹಿಡಿಯುವುದಿಲ್ಲ ಅಂದರೆ ಕ್ಲಚ್ ಸವೆದು ಅಂತರ ಹೆಚ್ಚಾಗಿದೆಯೋ ನೋಡಿ, ಕ್ಲಚ್‌ನ ಕಾಯಿಲ್ ಬಿಸಿಯಾದಾಗ ಅದರ ಎಳೆತ ಕಮ್ಮಿಯಾಗುತ್ತದೆ. ಸರಿಯಾಗಿ ಕೇಳಿದರೆ ಗಾಡಿಯವರೇ ಅರ್ಧ ರಿಪೇರಿ ಮಾಡಿಕೊಡುತ್ತಾರೆ.

2. ಮಂಜು ಗಾಜಿನ ಯಾವ ಕಡೆ?

ಬೆರಳಲ್ಲಿ ಒಳಗಿಂದ ಒಂದು ಗೆರೆ ಎಳೆಯಿರಿ. ಗೆರೆ ಮೂಡಿದರೆ ಮಂಜು ಒಳಗಿನದು. ಮೂಡದೆ, ವೈಪರ್ ಒಮ್ಮೆ ಆಡಿದ ಕೂಡಲೇ ಹೋದರೆ ಹೊರಗಿನದು. ಇವೆರಡಕ್ಕೂ ಮದ್ದು ಪೂರ್ತಿ ಉಲ್ಟಾ. ಹೊರಗಿನ ಮಂಜೆಂದರೆ ಎಸಿಯ ತಣ್ಣನೆ ಗಾಳಿ ಗಾಜಿಗೆ ಬಡಿದು ಗಾಜೇ ಹೊರಗಿನ ಒದ್ದೆ ಗಾಳಿಗಿಂತ ತಣ್ಣಗಾಗಿದೆ ಅಂತ ಅರ್ಥ. ಗಾಳಿಯನ್ನು ಮುಖದ ಕಡೆಗೆ ತಿರುಗಿಸಿ, ತಂಪು ಕಮ್ಮಿ ಮಾಡಿದರೆ ಮುಗಿಯಿತು. ರಿಪೇರಿಯೇ ಬೇಡ.

ಒಳಗಿನ ಮಂಜಿಗೆ ಸ್ವಲ್ಪ ಲೆಕ್ಕ ಬೇಕು. ಸುಮ್ಮನೆ ಕೂತ ಮನುಷ್ಯನ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಗಾಳಿಗೆ ಸೇರುತ್ತದೆ. ನಾಲ್ಕು ಜನ ಒದ್ದೆ ಜರ್ಕಿನ್, ಮಡಚಿದ ಕೊಡೆ ಸಮೇತ ಕೂತರೆ ಅದರ ಮೇಲೆ ಇನ್ನಷ್ಟು. ಹೊರಗೆ 20 ಡಿಗ್ರಿ, ಗಾಜೂ ಹೆಚ್ಚುಕಮ್ಮಿ ಅಷ್ಟೇ ತಣ್ಣಗೆ. ಒಳಗಿನ ನೀರಿಗೆ ಇಳಿಯಲು ಅದೇ ಜಾಗ.

‘ಹೊರಗೆ ಮಳೆ, ಹೊರಗಿನ ಗಾಳಿ ಒಳಗೆ ಬಿಟ್ಟರೆ ಇನ್ನೂ ಒದ್ದೆ’ ಅಂತ ಜನ ಮರುಚಲನೆಯ ಬಟನ್ ಒತ್ತಿ ಕೂರುತ್ತಾರೆ. ಕಾರಿನ ಚಿತ್ರದೊಳಗೆ ಸುತ್ತುಬಾಣ ಇರುವ ಬಟನ್ ಅದು. ಅಲ್ಲೇ ಎಡವಟ್ಟು. ಮಳೆಯಲ್ಲಿ 20 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯನ್ನು ಒಳಗೆ ತಂದು 26ಕ್ಕೆ ಬಿಸಿಮಾಡಿದರೆ ಅದರ ತೇವಾಂಶ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ನಾಲ್ಕು ಜನ ಉಸಿರಾಡಿದ ಗಾಳಿಗಿಂತ ಅದೇ ಒಣ. ಅದನ್ನು ಮೊದಲು ಕೂಲಿಂಗ್ ಕಾಯಿಲ್ ಮೇಲೆ ಹಾಯಿಸಿ ನೀರು ಇಳಿಸಿ, ಆಮೇಲೆ ಹೀಟರ್ ಮೇಲೆ ಹಾಯಿಸಿ ಬಿಸಿಮಾಡಿ ಗಾಜಿಗೆ ಬಿಟ್ಟರೆ ಬಹಳ ಬೇಗ ತಿಳಿಯಾಗುತ್ತದೆ. ಅಂದರೆ ಎಸಿಯೂ ಬೇಕು, ಹೀಟರೂ ಬೇಕು, ಎರಡೂ ಒಟ್ಟಿಗೆ. ಇದನ್ನು ಹೇಳಿದರೆ ನಂಬುವವರು ಕಡಿಮೆ. “ಬಿಸಿ ಮಾಡ್ಲಿಕ್ಕೆ ಎಸಿ ಯಾಕೆ, ಡೀಸೆಲ್ ಸುಮ್ನೆ ಹೋಗ್ತದೆ” ಅನ್ನುತ್ತಾರೆ. ಅನೇಕ ಹೊಸ ಕಾರುಗಳಲ್ಲಿ ಮುಂದಿನ ಗಾಜಿನ ಬಟನ್ ಒತ್ತಿದರೆ ಕಂಪ್ರೆಸರ್ ತಾನಾಗಿ ಹಿಡಿದು, ಹೊರಗಿನ ಗಾಳಿಯ ಬಾಗಿಲು ತಾನಾಗಿ ತೆರೆಯುತ್ತದೆ. ಕಂಪನಿಯವರಿಗೆ ಈ ವಿಷಯ ಗೊತ್ತಿದ್ದೇ ಹಾಗೆ ಮಾಡಿದ್ದಾರೆ.

ಇದೆಲ್ಲ ನಮ್ಮ ಊರಲ್ಲಿ ಬರೀ ಅನುಕೂಲದ ಮಾತಲ್ಲ. ತಿತಿಮತಿಯಿಂದ ಮತ್ತಿಗೋಡು ಆನೆ ಶಿಬಿರದ ಮೇಲೆ ಆನೆಚೌಕೂರು ಕಡೆಗೆ ಹೋಗುವ ರಸ್ತೆ ನಾಗರಹೊಳೆಯ ಕಾಡಿನೊಳಗಿನದು. ಗಾಜು ಮಂಜಾಯಿತು ಅಂತ ಸಂಜೆ ಮಳೆಯಲ್ಲಿ ಗಾಡಿ ಸೈಡಿಗೆ ಹಾಕಿ, ಕಿಟಕಿ ಇಳಿಸಿ, ಬಟ್ಟೆ ತೆಗೆದು ಒರೆಸುವ ಜಾಗ ಅದಲ್ಲ. ತಿರುವಿನಲ್ಲಿ ಆನೆ ನಿಂತಿರುವುದು ಗಾಜು ತಿಳಿಯಾಗಿದ್ದರೂ ಎಷ್ಟೋ ಸಲ ಕಡೇ ಗಳಿಗೆಗೆ ಕಾಣುವುದು. ಹಾಗಾಗಿ ಮಳೆಗಾಲದಲ್ಲಿ ಯಾವ ಕೆಲಸಕ್ಕೆ ಬಂದ ಗಾಡಿಯಾದರೂ ಮಂಜು ತೆಗೆಯುವ ಡಿಫಾಗರ್ ಹಾಕಿ ನೋಡದೆ ನಾನು ಬಿಡುವುದಿಲ್ಲ.

ಗಾಜಿನ ಒಳಮೈ ಕೊಳಕಾಗಿದ್ದರೂ ಮಂಜು ಬೇಗ ಕಟ್ಟುತ್ತದೆ. ಒಮ್ಮೊಮ್ಮೆ ರಿಪೇರಿ ಅಂದರೆ ಒಂದು ತುಂಡು ಹಳೇ ಪೇಪರು, ಸ್ವಲ್ಪ ಗಾಜು ತೊಳೆಯುವ ದ್ರಾವಣ, ಅಷ್ಟೇ.

3. ಗಾಳಿಯ ದಾರಿಯನ್ನು ಹೊರಗಿನಿಂದ ಒಳಕ್ಕೆ ನಡೆದು ನೋಡಿ

ಬಾನೆಟ್ ಮತ್ತು ಮುಂದಿನ ಗಾಜಿನ ನಡುವೆ ಜಾಲರಿ ಇದೆಯಲ್ಲ, ಹೊರಗಿನ ಗಾಳಿ ಬರುವುದು ಅಲ್ಲಿಂದ. ತೋಟದ ಮನೆಯಲ್ಲಿ ಗಾಡಿ ನಿಲ್ಲುವುದು ಸಿಲ್ವರ್ ಓಕ್ ಮರದ ಕೆಳಗೆ. ಆ ಎಲೆ ಒಣಗಿ ಉದುರಿ ಜಾಲರಿ ತುಂಬುತ್ತದೆ, ಮೊದಲ ಮಳೆಗೆ ನೆನೆದು ಕೊಳೆಯುತ್ತದೆ. ಅದರ ಕೆಳಗೆ ನೀರು ಹೋಗುವ ತೂತು ಮುಚ್ಚಿದರೆ ಮಳೆನೀರು ನೇರವಾಗಿ ಬ್ಲೋವರ್ ಒಳಗೆ. ಅಲ್ಲಿಂದ ಮುಂದೆ ಫಿಲ್ಟರ್, ಬಹಳ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ. ಕಾಫಿ ಕೊಯ್ಲು ಮುಗಿದು ಕಣದಲ್ಲಿ ಒಣಗಿಸುವ ಕಾಲದಲ್ಲಿ ಏಳುವ ಧೂಳು, ಹೊಟ್ಟು ಎಲ್ಲ ಅದರಲ್ಲಿ ಕೂತಿರುತ್ತದೆ. ಮಳೆ ಬಂದಾಗ ಅದೇ ತೇವ ಹೀರಿ ಹೆಂಟೆ ಕಟ್ಟುತ್ತದೆ. ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ತೋಟದ ಗಾಡಿಗೆ ಹೊಂದುವುದಿಲ್ಲ. ಮೇ ಕೊನೆಗೊಮ್ಮೆ, ದಸರೆ ಹೊತ್ತಿಗೊಮ್ಮೆ ಬದಲಿಸಿ ಅನ್ನುತ್ತೇನೆ.

ಇನ್ನು ಇಲಿ. ಒಂದು ಹ್ಯಾಚ್‌ಬ್ಯಾಕ್‌ನ ಗ್ಲೋವ್ ಬಾಕ್ಸ್ ಬಿಚ್ಚಿ ಫಿಲ್ಟರ್ ಎಳೆದರೆ ಫಿಲ್ಟರ್‌ನ ಅರ್ಧ ಮಾತ್ರ ಬಂತು. ಉಳಿದರ್ಧ ಚೂರುಚೂರಾಗಿ ಗೂಡಿನ ಹಾಸಿಗೆಯಾಗಿತ್ತು. ಅದರ ಮೇಲೆ ಬಾನೆಟ್ಟಿನ ಅಡಿಯ ಸ್ಪಂಜು, ಓಕ್ ಎಲೆ, ಪೆಟ್ರೋಲ್ ಬಂಕಿನ ರಸೀದಿ, ಒಂದು ಮೂಲೆಯಲ್ಲಿ ಸಿಪ್ಪೆ ಸುಲಿದ ನೆಲಗಡಲೆ. ಬ್ಲೋವರ್ ಚಕ್ರದೊಳಗೆ ಒಂದು ಒಣ ಕಾಫಿ ಹಣ್ಣು ಸಿಕ್ಕಿಕೊಂಡು ಫ್ಯಾನ್ ತಿರುಗಿದಾಗೆಲ್ಲ ಟಕ ಟಕ ಸದ್ದು. ಗಾಡಿಯವರು ಆ ಸದ್ದನ್ನು ಬೇರಿಂಗ್ ಹೋಗಿದೆ ಅಂತ ತಿಳಿದಿದ್ದರು. ಇಂಥದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಏರ್ ಗನ್ ಹಿಡಿದು ಊದಲೇಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಅದು ಮಳೆಗಾಲದ್ದೇ ಕಾಯಿಲೆ. ಕೈಗೆ ಗ್ಲೋವ್ಸ್, ಮೂಗಿಗೆ ಮಾಸ್ಕ್ ಹಾಕಿ, ಮೊದಲು ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆದ ಮೇಲೆ ತೆಗೆಯಿರಿ. ಆಮೇಲೆ ಅದರ ಸುತ್ತಲ ವೈರನ್ನು ಒಂದೊಂದಾಗಿ ಸವರಿ ನೋಡಿ. ಗೂಡು ಕಟ್ಟಿದ ಇಲಿ ವೈರ್ ಕಡಿಯದೆ ಬಿಟ್ಟ ಉದಾಹರಣೆ ಅಪರೂಪ.

ತಡೆಯುವ ಉಪಾಯವಾಗಿ ಪುದೀನ ಎಣ್ಣೆ, ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಜನ ಹೇಳುತ್ತಾರೆ. ನನಗೆ ನಂಬಿಕೆ ಇರುವುದು ಗಾಳಿ ಬರುವ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕುವುದರಲ್ಲಿ ಮಾತ್ರ. ಗಾಡಿಯನ್ನು ಭತ್ತದ ಮೂಟೆ ಪಕ್ಕ ನಿಲ್ಲಿಸುವುದನ್ನೂ ಬಿಡಬೇಕು.

4. ಒಂದೇ ಸ್ಪೀಡಿನ ಫ್ಯಾನ್

ಕೊನೇ ಸ್ಪೀಡಲ್ಲಿ ಮಾತ್ರ ಓಡಿದರೆ ರೆಸಿಸ್ಟರ್ ಹೋಗಿದೆ. ಕೊನೇ ಸ್ಪೀಡಿಗೆ ಕರೆಂಟು ರೆಸಿಸ್ಟರ್ ದಾಟದೆ ಹೋಗುವುದರಿಂದ ಅದೊಂದು ಉಳಿದುಕೊಳ್ಳುತ್ತದೆ. ಬದಲಿಸುವುದು ಸುಲಭ. ಆದರೆ ಅದು ಯಾಕೆ ಸುಟ್ಟಿತು ಅಂತ ನೋಡಿ. ಮೋಟಾರ್ ಬಿಗಿಯಾಗಿ ಹೆಚ್ಚು ಕರೆಂಟ್ ಎಳೆಯುತ್ತಿದ್ದರೆ ಹೊಸ ರೆಸಿಸ್ಟರೂ ಹೋಗುತ್ತದೆ, ಅದರ ಕನೆಕ್ಟರ್ ಕರಗಿಯೂ ಇರುತ್ತದೆ. ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಗಾಡಿಗಳಲ್ಲಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ, ಅಲ್ಲಿ ಈ ಲಕ್ಷಣ ಲೆಕ್ಕಕ್ಕಿಲ್ಲ.

5. ಒಳಗೆ ನೀರು: ರುಚಿ ನೋಡಬೇಡಿ, ಮುಟ್ಟಿ ಮೂಸಿ ನೋಡಿ

ಗಾಳಿಯಿಂದ ಇಳಿದ ನೀರು ಒಂದು ರಬ್ಬರ್ ಪೈಪಿನಲ್ಲಿ ಗಾಡಿಯ ಅಡಿಗೆ ಹೋಗಬೇಕು. ಮಳೆಗಾಲದಲ್ಲಿ ಎಸಿ ಹಾಕಿ ನಿಲ್ಲಿಸಿದ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಖುಷಿಪಡಿ. ತೊಟ್ಟಿಕ್ಕದಿದ್ದರೆ ಅದು ಎಲ್ಲೋ ಕೂಡುತ್ತಿದೆ, ಹೆಚ್ಚಿನಂಶ ಎಡಗಡೆಯ ಕಾರ್ಪೆಟ್ ಅಡಿಯಲ್ಲಿ. ಪೈಪಿನ ಬಾಯಿಗೆ ಕೆಸರು ಮೆತ್ತಿರುತ್ತದೆ. ಕಾಡುದಾರಿಯಲ್ಲಿ ಓಡುವ ಜೀಪುಗಳಲ್ಲಂತೂ ಮಾಮೂಲಿ. ಕೆಳಗಿಂದ ಮೆಲ್ಲಗೆ ಊದಿದರೆ ಸಾಕು. ಜೋರಾಗಿ ಊದಿದರೆ ಒಳಗಿನ ಪೈಪ್ ಕಳಚಿ, ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಬೀಳುತ್ತದೆ.

ನೀರು ತಿಳಿಯಾಗಿ, ವಾಸನೆ ಇಲ್ಲದೆ ಇದ್ದರೆ ಎಸಿಯದು. ಕೆಸರಿನ ಬಣ್ಣ ಇದ್ದರೆ ಬಾಗಿಲಿನ ಬೀಡಿಂಗ್ ಅಥವಾ ಗಾಜಿನ ಕೆಳಗಿನ ಜಾಲರಿಯಿಂದ ಬಂದ ಮಳೆ. ಬೆರಳಿಗೆ ಜಿಡ್ಡು ಹತ್ತಿ, ಸಿಹಿ ವಾಸನೆ ಬಂದು, ಗಾಜಿನ ಒಳಗೆ ಎಷ್ಟು ಒರೆಸಿದರೂ ಎಣ್ಣೆಯಂಥ ಪೊರೆ ಕೂತರೆ ಅದು ಹೀಟರ್‌ನಿಂದ ಸೋರುವ ಕೂಲೆಂಟ್. ಅದು ವಿಷ, ಬಾಯಿಗೆ ತಾಗಿಸಬೇಡಿ. ರೇಡಿಯೇಟರ್ ನೀರು ಇಳಿದು ಎಂಜಿನ್ ಬಿಸಿಯಾಗುವ ಮೊದಲು ಸರಿಮಾಡಿ.

2018 ಮತ್ತು 2019ರ ಆಗಸ್ಟ್ ಮಳೆಯನ್ನು ಕೊಡಗಿನಲ್ಲಿ ಯಾರೂ ಮರೆತಿಲ್ಲ. 2019ರಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆಗಳೇ ಮುಳುಗಿದ್ದವು. ಅಂಥ ನೀರಲ್ಲಿ ನಿಂತ ಗಾಡಿಯ ಎಸಿ ಬಟನ್ ಒತ್ತಿ ‘ಓಡ್ತಿದೆ’ ಅಂತ ಖುಷಿಪಡುವುದು ತಪ್ಪು. ಬ್ಲೋವರ್ ಮೋಟಾರ್ ಕೆಳಗಿರುತ್ತದೆ, ಒಳಗಿನ ಗಾಳಿಯ ಬಾಗಿಲುಗಳನ್ನು ಆಡಿಸುವ ಪುಟ್ಟ ಮೋಟಾರ್‌ಗಳೂ ಅಲ್ಲೇ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿರುತ್ತದೆ. ಸೀಟ್ ಬಿಚ್ಚಿ, ಕಾರ್ಪೆಟ್ ಪೂರ್ತಿ ಹೊರಗೆ ತೆಗೆದು ಒಣಗಿಸದೆ ಗಾಜಿನ ಮಂಜು ಹೋಗುವುದಿಲ್ಲ.

6. ವಾಸನೆಗೆ ಸೆಂಟ್ ಮದ್ದಲ್ಲ

ಮುಗ್ಗಲು ವಾಸನೆ ಬರುವುದು ಒದ್ದೆ ಕಾಯಿಲ್ ಮೇಲೆ ಧೂಳು ಕೂತು ಬೂಸ್ಟು ಹಿಡಿಯುವುದರಿಂದ. ಮನೆ ತಲುಪಲು ಐದು ನಿಮಿಷ ಇರುವಾಗ ಎಸಿ ಆಫ್ ಮಾಡಿ, ಬ್ಲೋವರ್ ಮಾತ್ರ ಓಡಿಸಿ ಕಾಯಿಲ್ ಒಣಗಿಸಿ. ಪೊನ್ನಂಪೇಟೆಯಿಂದ ಬರುವವರು ಗೋಣಿಕೊಪ್ಪ ದಾಟಿದ ಮೇಲೆ ಈ ಅಭ್ಯಾಸ ಇಟ್ಟುಕೊಂಡರೆ ಅರ್ಧ ಜನಕ್ಕೆ ನನ್ನ ಅವಶ್ಯಕತೆ ಬೀಳುವುದಿಲ್ಲ.

7. ಬೇಡದ ಬಿಸಿ

ಎಸಿಯ ಪೈಪು ಮಂಜುಗಡ್ಡೆಯಷ್ಟು ತಣ್ಣಗಿದೆ, ಒಳಗೆ ಬರುವ ಗಾಳಿ ಬಿಸಿ. ಇಲ್ಲಿ ಗ್ಯಾಸ್ ಹಾಕಿದರೆ ದುಡ್ಡು ದಂಡ. ತಣ್ಣನೆ ಗಾಳಿ ಹೀಟರ್ ಕಡೆ ಎಷ್ಟು ಹೋಗಬೇಕು ಅಂತ ತೀರ್ಮಾನಿಸುವ ಬಾಗಿಲು ಒಂದಿದೆ, ಅದು ಅರ್ಧಕ್ಕೆ ಸಿಕ್ಕಿಕೊಂಡಿದೆ. ಹಳೇ ಮಾರುತಿಗಳಲ್ಲಿ ಅದಕ್ಕೆ ಕೇಬಲ್. ಕೇಬಲ್ ಕ್ಲಿಪ್ ಕಳಚಿದರೆ ನಾಬ್ ಹಗುರಾಗಿ ಸುಮ್ಮನೆ ತಿರುಗುತ್ತದೆ. ಹೊಸ ಗಾಡಿಗಳಲ್ಲಿ ಪುಟ್ಟ ಮೋಟಾರು. ಹಲ್ಲು ಸವೆದರೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಡ್ಯಾಶ್‌ಬೋರ್ಡಿನೊಳಗೆ ಕಟ ಕಟ ಅನ್ನುತ್ತದೆ. ಖಚಿತ ಮಾಡಿಕೊಳ್ಳಲು ಹೀಟರ್‌ಗೆ ಹೋಗುವ ನೀರಿನ ಹೋಸನ್ನು ಸ್ವಲ್ಪ ಹೊತ್ತು ಕ್ಲಾಂಪ್‌ನಿಂದ ಒತ್ತಿಹಿಡಿಯಿರಿ. ಗಾಳಿ ತಣ್ಣಗಾದರೆ ತಪ್ಪು ಬಾಗಿಲಿನದೇ.

ಕ್ಲೈಮೇಟ್ ಕಂಟ್ರೋಲ್ ಗಾಡಿಗಳಲ್ಲಿ ಸೆನ್ಸರ್ ಹೇಳಿದ್ದನ್ನು ಕಂಪ್ಯೂಟರ್ ಕೇಳುತ್ತದೆ. ಡ್ಯಾಶ್‌ಬೋರ್ಡ್ ಮೇಲಿನ ಬಿಸಿಲು ಸೆನ್ಸರ್ ಮೇಲೆ ದೇವರ ಫೋಟೋ, ಚರ್ಮದ ಬಟ್ಟೆ ಇಟ್ಟರೆ ಅದಕ್ಕೆ ಬಿಸಿಲು ಕಾಣುವುದಿಲ್ಲ. ಒಳಗಿನ ಉಷ್ಣಾಂಶ ಅಳೆಯುವ ಸಣ್ಣ ಜಾಲರಿಯಲ್ಲಿ ಧೂಳು ತುಂಬಿದರೂ ಲೆಕ್ಕ ತಪ್ಪುತ್ತದೆ. ಸ್ಕ್ಯಾನರ್ ಹಾಕುವ ಮೊದಲು ಇವೆರಡನ್ನು ನೋಡಿ, ಕಾಸು ಖರ್ಚಿಲ್ಲ.

8. ಒಂದು ಬಕೆಟ್ ನೀರಿನ ಪರೀಕ್ಷೆ

ಗೋಣಿಕೊಪ್ಪದ ಸಂತೆಯ ಟ್ರಾಫಿಕ್ಕಿನಲ್ಲಿ ಬಿಸಿ, ಊರ ಹೊರಗೆ ಓಡುವಾಗ ತಂಪು. ರೇಡಿಯೇಟರ್ ಮುಂದಿನ ಕಂಡೆನ್ಸರ್ ಶಾಖ ಬಿಡುತ್ತಿಲ್ಲ ಅಂತ ಅರ್ಥ. ಎಂಜಿನ್ ಓಡುತ್ತಿರುವಾಗ ಕಂಡೆನ್ಸರ್ ಮೇಲೆ ನಿಧಾನಕ್ಕೆ ನೀರು ಸುರಿಯಿರಿ. ಒಳಗಿನ ಗಾಳಿ ಕೂಡಲೇ ತಣ್ಣಗಾದರೆ ಗ್ಯಾಸ್ ಇದೆ, ಕಂಪ್ರೆಸರ್ ಇದೆ, ಇಲ್ಲದ್ದು ಗಾಳಿ ಮಾತ್ರ. ಫ್ಯಾನ್ ತಿರುಗುತ್ತಿದೆಯೋ, ಎರಡೂ ಸ್ಪೀಡಲ್ಲಿ ತಿರುಗುತ್ತಿದೆಯೋ, ರಿಲೇ ಸರಿಯಿದೆಯೋ ನೋಡಿ. ಕಂಡೆನ್ಸರ್ ರೆಕ್ಕೆಯಲ್ಲಿ ಕೆಸರು, ಹುಳ ತುಂಬಿದ್ದರೆ ಒಳಗಡೆಯಿಂದ ಹೊರಕ್ಕೆ ಮೆಲ್ಲಗೆ ತೊಳೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದು ರೆಕ್ಕೆ ಮಡಚಿದ ಗಾಡಿಗಳನ್ನು ಸರಿಮಾಡುವುದು ಬೇಸರದ ಕೆಲಸ.

9. ಗೇಜ್ ಸುಳ್ಳು ಹೇಳುವುದಿಲ್ಲ, ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ

ಈಗ ಗ್ಯಾಸಿಗೆ ಬರೋಣ. ನಮ್ಮ ಬಹುಪಾಲು ಗಾಡಿಗಳಲ್ಲಿರುವುದು ಆರ್-134ಎ. ಹಿಂದಿನ ಆರ್-12 ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಹೋಯಿತು. ಎಂಜಿನ್ ನಿಂತಿರುವಾಗ ಗೇಜ್ ಹಾಕಿದರೆ 20 ಡಿಗ್ರಿಯ ಬೆಳಿಗ್ಗೆ ಸುಮಾರು 68 ಪಿಎಸ್‌ಐ ತೋರಿಸುತ್ತದೆ, ಅದೇ ಗಾಡಿ 32 ಡಿಗ್ರಿಯ ಮಾರ್ಚ್ ಮಧ್ಯಾಹ್ನ 100 ದಾಟುತ್ತದೆ. ಗ್ಯಾಸ್ ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಒಳಗೆ ಸ್ವಲ್ಪವಾದರೂ ದ್ರವರೂಪದಲ್ಲಿ ಉಳಿದಿರುವ ತನಕ ಒತ್ತಡ ಹೇಳುವುದು ಬಿಸಿಯನ್ನು ಮಾತ್ರ. ಅಡುಗೆ ಸಿಲಿಂಡರಿನದೂ ಇದೇ ಕಥೆ: ಮುಗಿಯುವ ಹಿಂದಿನ ದಿನದ ತನಕ ಒಲೆ ಜೋರಾಗೇ ಉರಿಯುತ್ತದೆ, ಎಷ್ಟಿದೆ ಅಂತ ತಿಳಿಯಬೇಕಾದರೆ ಎತ್ತಿ ತೂಗಬೇಕು.

ಅದಕ್ಕೇ ‘ಲೋ ಸೈಡ್ 35 ಬರೋ ತನಕ ಹಾಕು’ ಅನ್ನುವ ಲೆಕ್ಕ ನಮ್ಮ ಚಳಿಯಲ್ಲಿ ಮೋಸ. ಮೈಸೂರಿನ ಬಿಸಿಲಲ್ಲಿ ಕಲಿತ ನಂಬರನ್ನು ಇಲ್ಲಿನ ಜುಲೈಯಲ್ಲಿ ತರಲು ಹೊರಟರೆ ಗ್ಯಾಸ್ ಅತಿಯಾಗುತ್ತದೆ. ಅತಿಯಾದರೂ ತಂಪು ಕಮ್ಮಿಯೇ, ಜೊತೆಗೆ ಕಂಪ್ರೆಸರ್‌ಗೆ ಹೊಡೆತ. ಸರಿಯಾದ ದಾರಿ ಒಂದೇ: ಉಳಿದಿದ್ದನ್ನು ಮೆಷಿನ್‌ಗೆ ಎಳೆದುಕೊಂಡು, ವ್ಯಾಕ್ಯೂಮ್ ಮಾಡಿ, ಬಾನೆಟ್ ಅಡಿಯ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗ್ರಾಂ ತೂಗಿ ಹಾಕುವುದು. ಚಿಕ್ಕ ಕಾರಿಗೆ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಇಷ್ಟು ಚಿಕ್ಕ ಅಳತೆಯಲ್ಲಿ 100 ಗ್ರಾಂ ಆಚೀಚೆ ದೊಡ್ಡ ವ್ಯತ್ಯಾಸ.

ವ್ಯಾಕ್ಯೂಮ್ ಬಗ್ಗೆ ಬೆಟ್ಟದ ಮೆಕ್ಯಾನಿಕ್‌ಗಳಿಗೆ ಒಂದು ಮಾತು. ಪುಸ್ತಕ 29 ಇಂಚು ಅನ್ನುತ್ತದೆ, ಅದು ಮಂಗಳೂರಿನ ಕಡಲತೀರಕ್ಕೆ ಸರಿ. ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಕಮ್ಮಿಯಾಗುತ್ತದೆ. 1,100 ಮೀಟರಿಗಿಂತ ಎತ್ತರದ ಮಡಿಕೇರಿಯಲ್ಲಿ ಪೂರ್ತಿ ವ್ಯಾಕ್ಯೂಮ್ ಅಂದರೆ 26ರ ಆಸುಪಾಸು. ಮುಳ್ಳು 29ಕ್ಕೆ ಬರಲಿಲ್ಲ ಅಂತ ಇಲ್ಲದ ಲೀಕ್ ಹುಡುಕುತ್ತಾ, ಪಂಪ್ ಕೆಟ್ಟಿದೆ ಅಂತ ಹೊಸದು ಕೊಂಡವರನ್ನು ನೋಡಿದ್ದೇನೆ.

ಕಕ್ಕಡದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ ಗಾಳಿ 5 ಡಿಗ್ರಿಗೆ ಬರದೆ 9-10ರಲ್ಲಿ ನಿಂತರೆ ಗಾಬರಿ ಬೇಡ. ಗಂಟೆಗೆ ಒಂದು ಲೀಟರ್ ನೀರು ಗಾಳಿಯಿಂದ ಇಳಿಸಲು ಸುಮಾರು 680 ವ್ಯಾಟ್‌ನಷ್ಟು ತಂಪು ಖರ್ಚಾಗುತ್ತದೆ. ಎಸಿ ಕೆಲಸ ಮಾಡುತ್ತಿದೆ, ಅದರ ಕೆಲಸ ಗಾಡಿಯ ಕೆಳಗೆ ತೊಟ್ಟಿಕ್ಕುತ್ತಿದೆ.

10. ಗ್ಯಾಸ್ ತಾನಾಗಿ ಖಾಲಿಯಾಗುವ ವಸ್ತುವಲ್ಲ

ಪೆಟ್ರೋಲಿನಂತೆ ಗ್ಯಾಸ್ ಉರಿದು ಮುಗಿಯುವುದಿಲ್ಲ. ರಬ್ಬರ್ ಹೋಸು, ಸೀಲ್‌ಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಹೋಗಬಹುದು, ಅಷ್ಟು ಬಿಟ್ಟರೆ ಕಮ್ಮಿಯಾಯಿತು ಅಂದರೆ ತೂತಿದೆ. ಪ್ರತಿ ವರ್ಷ ಗ್ಯಾಸ್ ತುಂಬಿಸುವುದನ್ನು ಸರ್ವಿಸ್ ಅಂತ ನಂಬಿದವರು ತೂತಿಗೆ ಬಾಡಿಗೆ ಕಟ್ಟುತ್ತಿದ್ದಾರೆ. ಗ್ಯಾಸ್ ಹೋಗುವ ಕಡೆ ಕಂಪ್ರೆಸರ್ ಆಯಿಲೂ ಸ್ವಲ್ಪ ಹೊರಬಂದು ಅದರ ಮೇಲೆ ಧೂಳು ಮೆತ್ತುತ್ತದೆ; ಟಾರ್ಚ್ ಹಿಡಿದು ಜಾಯಿಂಟ್‌ಗಳಲ್ಲಿ ಆ ಕಪ್ಪು ಜಿಡ್ಡು ಹುಡುಕಿ. ಎಲ್ಲಕ್ಕಿಂತ ಮೊದಲು ಗೇಜ್ ಹಾಕುವ ಬಾಯಿಯ ಮುಚ್ಚಳ ತೆಗೆದು ಸೋಪ್ ನೀರು ಹಾಕಿ. ಟಯರಿನ ವಾಲ್ವ್‌ಗಿರುವಂಥದೇ ಒಂದು ಪಿನ್ ಅಲ್ಲಿದೆ, ತೀರಾ ಅಗ್ಗದ್ದು. ದೊಡ್ಡ ಬಿಲ್ಲಿನ ಹಿಂದೆ ಎಷ್ಟೋ ಸಲ ಇರುವುದು ಅದೇ. ಆಮೇಲೆ ಕಂಡೆನ್ಸರ್ ಕೆಳಭಾಗ, ಕಲ್ಲು ಬಡಿಯುವ ಜಾಗ. ಕೊನೆಗೆ ಕೂಲಿಂಗ್ ಕಾಯಿಲ್.

ಲೀಕ್ ಪರೀಕ್ಷೆಗೆ ಒತ್ತಡ ತುಂಬಬೇಕಾದರೆ ರೆಗ್ಯುಲೇಟರ್ ಹಾಕಿದ ಒಣ ನೈಟ್ರೋಜನ್ ಬಳಸಿ. ಟಯರಿನ ಕಂಪ್ರೆಸರ್ ಗಾಳಿ ಬೇಡ, ಅದರ ಜೊತೆ ನಮ್ಮ ಮಳೆಗಾಲವೇ ಪೈಪಿನೊಳಗೆ ಹೋಗುತ್ತದೆ. ಡಬ್ಬಿಯಲ್ಲಿ ಬರುವ ಲೀಕ್ ಮುಚ್ಚುವ ದ್ರಾವಣಗಳನ್ನು ನಾನು ಹಾಕುವುದಿಲ್ಲ. ಅದು ಎಕ್ಸ್‌ಪ್ಯಾನ್ಷನ್ ವಾಲ್ವನ್ನೂ ಮುಚ್ಚುತ್ತದೆ, ಮುಂದೆ ಗಾಡಿ ಹೋಗುವ ಕಡೆಯ ಮೆಷಿನನ್ನೂ ಕೆಡಿಸುತ್ತದೆ.

ಉಳಿದ ಗ್ಯಾಸನ್ನು ಬಯಲಿಗೆ ಬಿಡುವವರಿಗೆ: ಭೂಮಿಯನ್ನು ಬಿಸಿಮಾಡುವುದರಲ್ಲಿ ಆರ್-134ಎ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಜೋರು. 400 ಗ್ರಾಂ ಬಿಟ್ಟರೆ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಹೂಮಳೆ ಸಮಯಕ್ಕೆ ಬರುತ್ತಿಲ್ಲ ಅಂತ ಕೊರಗುವ ಕಾಫಿ ನಾಡಿನಲ್ಲಿ ಕೂತು ಇದನ್ನು ಮಾಡಬಾರದು.

11. ಅಗ್ಗದ ಸಿಲಿಂಡರ್

2011ರಲ್ಲಿ ಹಡಗಿನ ಶೀತಲ ಕಂಟೈನರ್‌ಗಳು ಬಂದರುಗಳಲ್ಲಿ ಸಿಡಿದು ಮೂವರು ಸತ್ತರು. ಆರ್-134ಎ ಹೆಸರಲ್ಲಿ ತುಂಬಿದ್ದ ನಕಲಿ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಇತ್ತು, ಅದು ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ತಾಗಿದರೆ ಹೊತ್ತುವ ವಸ್ತುವಾಗುತ್ತದೆ. ಕಾರಿನ ಎಸಿಯಲ್ಲೂ ಕಂಪ್ರೆಸರ್, ಕಂಡೆನ್ಸರ್ ಎಲ್ಲ ಅಲ್ಯೂಮಿನಿಯಂ. ರೇಟು ತೀರಾ ಕಮ್ಮಿ ಇದ್ದರೆ, ಬಿಲ್ ಇಲ್ಲದಿದ್ದರೆ ಕೊಳ್ಳಬೇಡಿ. ಅಡುಗೆ ಗ್ಯಾಸ್ ತುಂಬುವವರೂ ಇದ್ದಾರೆ. ತಂಪಾಗುವುದು ನಿಜ, ಆದರೆ ಕಾಯಿಲ್ ಸೋರಿದರೆ ಅದು ತುಂಬುವುದು ಮುಚ್ಚಿದ ಕಾರಿನೊಳಗೆ.

12. ಎಸಿ ಹಾಕಿ ಮಲಗುವವರಿಗೆ

ಹೋಂಸ್ಟೇಗೆ ಪ್ರವಾಸಿಗರನ್ನು ತರುವ ಟ್ಯಾಕ್ಸಿ ಡ್ರೈವರ್‌ಗಳಲ್ಲಿ ರಾತ್ರಿ ಗಾಡಿಯಲ್ಲೇ ಮಲಗುವವರಿದ್ದಾರೆ. ಸೊಳ್ಳೆ ಅಂತ ಗಾಜು ಏರಿಸಿ ಎಂಜಿನ್ ಓಡಿಸುತ್ತಾರೆ. ಸೈಲೆನ್ಸರ್ ಪೈಪಿನಲ್ಲಿ ತೂತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ವಾಸನೆ ಇಲ್ಲ, ಎಚ್ಚರವಾಗುವುದಿಲ್ಲ. ಮರುಚಲನೆ ಬಟನ್ ಒತ್ತಿದರೂ ಅದು ಪೂರ್ತಿ ತಡೆಯುವುದಿಲ್ಲ. ಎಂಜಿನ್ ಆಫ್ ಮಾಡಿ, ಕಿಟಕಿಗೆ ಸೊಳ್ಳೆಪರದೆ ಕಟ್ಟಿಕೊಳ್ಳಿ. ಎಸಿಗೆ ಬಂದ ಟ್ಯಾಕ್ಸಿಯ ಸೈಲೆನ್ಸರ್ ಜಾಯಿಂಟನ್ನು ಅವರು ಕೇಳದಿದ್ದರೂ ನಾನು ನೋಡುತ್ತೇನೆ.

13. ಕಿತ್ತಳೆ ಬಣ್ಣದ ವೈರ್

ಕರೆಂಟಿನ ಕಾರುಗಳು ಈಗ ಪ್ರವಾಸಿಗರ ಜೊತೆ ಇತ್ತ ಬರುತ್ತಿವೆ. ಅವುಗಳ ಎಸಿ ಕಂಪ್ರೆಸರ್‌ಗೆ ಬೆಲ್ಟ್ ಇಲ್ಲ, ದೊಡ್ಡ ಬ್ಯಾಟರಿಯ ನೂರಾರು ವೋಲ್ಟ್ ಕಿತ್ತಳೆ ಬಣ್ಣದ ವೈರಿನಲ್ಲಿ ನೇರ ಅದಕ್ಕೆ ಹೋಗುತ್ತದೆ. ಆಯಿಲ್ ಕೂಡ ಬೇರೆ: ಸಾಮಾನ್ಯ ಗಾಡಿಯ ಪಿಎಜಿ ಆಯಿಲ್ ಸ್ವಲ್ಪ ಬೆರೆತರೂ ಒಳಗಿನ ವಿದ್ಯುತ್ ತಡೆ ಕಮ್ಮಿಯಾಗಿ ಗಾಡಿ ಫಾಲ್ಟ್ ತೋರಿಸಿ ನಿಲ್ಲಬಹುದು. ಬೇರೆ ಗಾಡಿಗೆ ಬಳಸಿದ ಗೇಜಿನ ಹೋಸ್‌ನಲ್ಲಿ ಉಳಿದ ಆಯಿಲೇ ಅದಕ್ಕೆ ಸಾಕು. ಅಂಥ ಗಾಡಿ ಬಂದರೆ ಫಿಲ್ಟರ್, ಡ್ರೈನ್ ಪೈಪ್, ಇಲಿ ಗೂಡು ತನಕ ನಾನೇ ನೋಡುತ್ತೇನೆ. ಕಿತ್ತಳೆ ವೈರ್ ಮುಟ್ಟುವ ಕೆಲಸ ಇದ್ದರೆ ಮೈಸೂರಿಗೆ ಕಳಿಸುತ್ತೇನೆ, ಗಾಜು ಮಂಜಾಗದ ಹಾಗೆ ಮಾಡಿಕೊಟ್ಟ ಮೇಲೆ.